ಟ್ರಾಂಟರನ ಇಂಜಿನ್ನು
ವಿಲ್ಟ್‌ಶೈರಿನ ನಮ್ಮ ರೈಲು ಶೆಡ್ಡಿನಲ್ಲಿ ಸೈಲಸ್ ಟ್ರಾಂಟರನಷ್ಟು ಮಾನವಂತ ಡ್ರೈವರ್ ಇನ್ನೊಬ್ಬನಿರಲಿಲ್ಲ. ಅವನ ಇಂಜಿನ್ನಿನಷ್ಟು ಕೈಕೊಡುವ ಇಂಜಿನ್ನೂ ಇರಲಿಲ್ಲ. ಆಳೆತ್ತರದ ಚಕ್ರ, ಅಂಗೈಯಗಲದ ಬಾಯ್ಲರು. ಇಬ್ಬನಿ ಬಿದ್ದರೆ ಸಾಕು, ಚಕ್ರ ನಿಂತಲ್ಲೇ ಗಿರಗಿರ ತಿರುಗುತ್ತಿತ್ತು, ಪ್ರಯಾಣಿಕರು ಇಳಿದು ತಳ್ಳುತ್ತಿದ್ದರು. "ಕುದುರೆ ಕಟ್ಟೋಣವೇನಯ್ಯಾ?" ಎಂದು ನಾವು ಕೆಣಕಿದರೆ, "ಅವಳಿಗೆ ಚಳಿ ಕಣ್ರೋ, ಸುಮ್ನಿರಿ," ಎಂದು ಕೋಟಿನ ತೋಳಿನಿಂದಲೇ ಅದರ ಹಿತ್ತಾಳೆ ಒರೆಸುತ್ತಿದ್ದ. ಆ ಜಾತಿಯ ಇಂಜಿನ್ನುಗಳೆಲ್ಲ ಗುಜರಿಗೆ ಹೋದವು. ಇದೊಂದರ ಚಕ್ರ ಕಳಚಿ, ಶೆಡ್ಡಿನ ಹಿಂದೆ ಬಾವಿಯ ನೀರೆತ್ತಲು ಕೂರಿಸಿದರು. ಹೊಸ ಇಂಜಿನ್ ಕೊಡುತ್ತೇವೆಂದರೂ ಒಲ್ಲದೆ ಟ್ರಾಂಟರ್ ಅದರ ಜೊತೆಗೇ ಉಳಿದ. ಈಗಲೂ ಬೆಳಿಗ್ಗೆ ಆವಿ ಏರಿದ ಮೇಲೆ ಅವನು ಹಿಂದಿರುಗಿ ನೋಡುತ್ತಾನೆ. ಬೋಗಿಗಳಿರಬೇಕಾದ ಕಡೆ ಬರೀ ಬೇಲಿ. ಗಾರ್ಡನ ಹಸಿರು ಬಾವುಟಕ್ಕೆಂದು ಒಂದು ಗಳಿಗೆ ಕಾದು, ಆಮೇಲೆ ತಾನೇ ತಲೆಯಾಡಿಸಿ ಆವಿ ಬಿಡುವ ಹಿಡಿ ಎಳೆಯುತ್ತಾನೆ.