ಮಾವ ಮಾಡುತ್ತಿದ್ದ ಕಾಫಿ

ಮೊನ್ನೆ ಭದ್ರಾವತಿಯಿಂದ ಶಿವಮೊಗ್ಗಕ್ಕೆ ಬರುವ ಬಸ್ಸಿನಲ್ಲಿ ಪಕ್ಕದ ಸೀಟಿನ ಹೆಂಗಸೊಬ್ಬರು ಕಿತ್ತಳೆ ಹಣ್ಣು ಸುಲಿದರು. ಸಿಪ್ಪೆಯ ಘಾಟು ಮೂಗಿಗೆ ಬಡಿದದ್ದೇ ತಡ, ನಾನು ಕಿಟಕಿಯ ಕಡೆ ಮುಖ ತಿರುಗಿಸಿಕೊಂಡೆ. ಪಾಪ, ಅವರು ಬೇರೇನೋ ತಿಳಿದುಕೊಂಡು, "ವಾಂತಿ ಬರ್ತಿದೆಯಾ ಸಾರ್? ಒಂದು ತೊಳೆ ಬಾಯಿಗೆ ಹಾಕ್ಕೊಳ್ಳಿ" ಎಂದು ಕೈ ಚಾಚಿದರು. ಬೇರೆ ದಿನವಾಗಿದ್ದರೆ, ಅಪರಿಚಿತರು ಕೊಟ್ಟದ್ದು ತಿನ್ನಬಹುದೇ, ತಿಂದರೆ ಏನಾದೀತು, ತಿನ್ನದಿದ್ದರೆ ಅವರೇನು ಅಂದುಕೊಂಡಾರು ಎಂದು ಶಿವಮೊಗ್ಗ ಬರುವ ತನಕ ಯೋಚಿಸುತ್ತಿದ್ದೆ. ಅಂದು ಅದಾವುದೂ ಹೊಳೆಯಲಿಲ್ಲ. ಅತ್ತೆ ನೆನಪಾದರು. ಕೊನೆಗಾಲದಲ್ಲಿ ಸಿಪ್ಪೆ ಇರುವುದನ್ನು ಬಿಟ್ಟು ಬೇರೇನನ್ನೂ ನಂಬದೆ ಹೋದ ಅತ್ತೆ...

ಅತ್ತೆ ಎಂದರೆ ನಮ್ಮಪ್ಪನ ಅಕ್ಕ. ಮಾವನಿಗೆ ಭದ್ರಾವತಿಯ ಕಾರ್ಖಾನೆಯಲ್ಲಿ ಕುಲುಮೆಯ ಮುಂದೆ ಕೆಲಸ. ನ್ಯೂಟೌನಿನ ಕ್ವಾರ್ಟರ್ಸಿನಲ್ಲಿ ಮನೆ. ಕೆಲವು ಮನೆತನಗಳಲ್ಲಿ ಸಕ್ಕರೆ ಕಾಯಿಲೆ ಬರುವ ಹಾಗೆ ನಮ್ಮಲ್ಲಿ ಮನಸ್ಸಿನ ಕಾಯಿಲೆ ಬರುತ್ತದೆ. ಅಜ್ಜನಿಗೆ ಇದ್ದಾಗ ಅದಕ್ಕೆ ಹೆಸರಿರಲಿಲ್ಲ, 'ಗಾಳಿ' ಎಂದು ಸುಮ್ಮನಾಗುತ್ತಿದ್ದರಂತೆ. ಅತ್ತೆಯ ಕಾಲಕ್ಕೆ ಬೈಪೋಲಾರ್ ಎಂಬ ಹೆಸರು ಬಂತು. ಮನಸ್ಸು ಏರಿದಾಗ ಅತ್ತೆ ನಿದ್ದೆ ಬಿಟ್ಟು ಇಡೀ ಕಾಲನಿಯ ಮಕ್ಕಳಿಗೆ ಬಟ್ಟೆ ಹೊಲಿಯುತ್ತಿದ್ದರು. ಕಿಟಕಿಯ ಪರದೆ, ಹಾಸಿಗೆಯ ಹೊದಿಕೆ, ಕೊನೆಗೆ ತಮ್ಮ ಧಾರೆಸೀರೆ, ಎಲ್ಲವೂ ಫ್ರಾಕುಗಳಾದವು. ಇಳಿದಾಗ ಗೋಡೆಯ ಕಡೆ ಮುಖ ಮಾಡಿ ಮಲಗಿದರೆ ತಲೆ ಬಾಚಲೂ ಏಳುತ್ತಿರಲಿಲ್ಲ. ಶಿವಮೊಗ್ಗದ ಡಾಕ್ಟರು ಕೊಟ್ಟ ಮಾತ್ರೆಯನ್ನು, "ನಂಗೇನು ಹುಚ್ಚಾ?" ಎಂದು ಚರಂಡಿಗೆ ಎಸೆದರು.

ಮಾವ ಬೇಡಿಕೊಂಡರು, ಗದರಿದರು, ಅತ್ತರು. ಆಮೇಲೆ ಬೆಳಿಗ್ಗೆ ಎದ್ದು ತಾವೇ ಕಾಫಿ ಮಾಡತೊಡಗಿದರು.

ಅತ್ತೆ ನಿಧಾನಕ್ಕೆ ಸರಿಹೋದರು. ಬೆಳಿಗ್ಗೆ, ಸಂಜೆ, ಹೆಂಡತಿ ಕೂತಲ್ಲಿಗೆ ಕಾಫಿ ತಂದುಕೊಡುವ ಗಂಡಸು ಆ ಸಾಲಿನಲ್ಲೇ ಬೇರೊಬ್ಬನಿರಲಿಲ್ಲ. "ಯಾವ ಪುಣ್ಯ ಮಾಡಿದ್ರಿ ಮಾರಾಯ್ರೆ, ನಮ್ಮ ಯಜಮಾನ್ರಿಗೆ ಒಲೆ ಯಾವ ಕಡೆ ಇದೆ ಅಂತಾನೂ ಗೊತ್ತಿಲ್ಲ" ಎಂದು ಪಕ್ಕದ ಮನೆಯಾಕೆ ಹೊಟ್ಟೆ ಉರಿಸಿಕೊಳ್ಳುತ್ತಿದ್ದರು. ಅತ್ತೆ ಆ ಹೊಗಳಿಕೆಯನ್ನು ಕಾಫಿಯ ಜೊತೆಗೇ ಹೀರುತ್ತಿದ್ದರು. ಬೇಸಿಗೆ ರಜೆಯಲ್ಲಿ ಒಮ್ಮೆ ಅವರ ಲೋಟದಲ್ಲಿ ಉಳಿದದ್ದನ್ನು ಕುಡಿಯಲು ನಾನು ಕೈ ಹಾಕಿದಾಗ ಮಾವ ಹಾರಿ ಬಂದು ಕಸಿದುಕೊಂಡರು. ಇಷ್ಟು ಜಿಪುಣನಾ ಈ ಮನುಷ್ಯ ಎಂದುಕೊಂಡೆ. ಮಾತ್ರೆಯ ಪುಡಿ ಅದರಲ್ಲಿದೆ ಎಂದು ಅಪ್ಪನಿಗೆ ಗೊತ್ತಿತ್ತು, ಅಮ್ಮನಿಗೆ ಗೊತ್ತಿತ್ತು, ಅತ್ತೆಯ ಮಗನಿಗೂ ಗೊತ್ತಿತ್ತು. ಗೊತ್ತಿಲ್ಲದಿದ್ದದ್ದು ಅತ್ತೆಗೆ, ಮತ್ತೆ ನನಗೆ. ಆ ಮಾತ್ರೆ ತಿನ್ನುವವರಿಗೆ ಆಗಾಗ ಮಾಡಿಸಬೇಕಾದ ರಕ್ತಪರೀಕ್ಷೆಗೆ ಸಕ್ಕರೆ ಕಾಯಿಲೆಯ ನೆಪ. ಹೇಳಿಯೇ ಕೊಡಬೇಕು ಕಣ್ರೀ ಎಂದು ಡಾಕ್ಟರು ಬೈದಾಗಲೆಲ್ಲ ಮಾವ "ಆಯ್ತು ಸಾರ್" ಎಂದು ತಲೆಯಾಡಿಸಿ ಬರುತ್ತಿದ್ದರಂತೆ.

ನನ್ನ ಸರದಿ ಬಂದದ್ದು ಕೆಲಸಕ್ಕೆ ಸೇರಿದ ಹೊಸತರಲ್ಲಿ. ಈಗ ಗ್ಯಾಸ್ ಆರಿಸಿದ್ದೇನೋ ಇಲ್ಲವೋ ಎಂದು ಬೀದಿಯ ತುದಿಯಿಂದ ವಾಪಸು ಬರುವ ನಾನು, ಆಗ ಕೆಲವು ವಾರ ಯಾವುದಕ್ಕೂ ಹೆದರಲಿಲ್ಲ. ತ್ಯಾವರೆಕೊಪ್ಪಕ್ಕೆ ಹೋಗಿ ಸಫಾರಿಯ ಗೇಟಿನಲ್ಲಿ, ಸಿಂಹಗಳ ಜೊತೆ ಮಾತಾಡುವುದಿದೆ, ಒಳಗೆ ಬಿಡಿ ಎಂದು ಹಟ ಹಿಡಿದೆ. ಸಿಂಹಗಳು ಒಪ್ಪುತ್ತಿದ್ದವೋ ಏನೋ, ಕಾವಲಿನವನು ಒಪ್ಪಲಿಲ್ಲ. ಆಟೋದಲ್ಲಿ ಹಿಡಿದು ತಂದರು. ಅತ್ತೆಗೆ ಬಂದ ಹೆಸರೇ ನನಗೂ ಬಂತು, ಅತ್ತೆಯ ಮಾತ್ರೆಯೇ ನನಗೂ ಬಂತು.

ಸುದ್ದಿ ಕೇಳಿ ಅತ್ತೆ ಶಿವಮೊಗ್ಗಕ್ಕೆ ಬಂದರು. ನನ್ನ ಮಂಚದ ಮೇಲೆ ಕೂತು, ನನ್ನ ಬೆರಳುಗಳನ್ನು ಹಿಡಿದುಕೊಂಡರು.

"ನನ್ನ ನೋಡೋ. ಒಂದು ಮಾತ್ರೆ ನುಂಗಿದೀನಾ? ಮನಸ್ಸು ಗಟ್ಟಿ ಮಾಡ್ಕೊಂಡೆ, ಅಷ್ಟೇ. ಇದನ್ನ ತಗೊಂಡ್ರೆ ಮರದ ಕೊರಡಾಗ್ತೀಯ ಅಷ್ಟೇ. ಬಿಸಾಕು."

ಅವರನ್ನು ನಂಬದಿರಲು ಕಾರಣವೇ ಇರಲಿಲ್ಲ. ನಮ್ಮ ಮನೆತನದಲ್ಲಿ ಆ ಕಾಯಿಲೆಯನ್ನು ಗೆದ್ದು ಬಂದವರೆಂದರೆ ಅವರೊಬ್ಬರೇ. ಮಾತ್ರೆ ಬಿಟ್ಟೆ. ನಿದ್ದೆ ಮತ್ತೆ ಹೋಯಿತು. ಒಂದು ಮಧ್ಯಾಹ್ನ, ನಮ್ಮ ತಾರಸಿಯಿಂದ ಪಕ್ಕದ ಮನೆಯ ತಾರಸಿಗೆ ಒಂದೇ ಹೆಜ್ಜೆ ಎಂದು ಅನ್ನಿಸಿತು. ಒಂದೇ ಹೆಜ್ಜೆ ಆಗಿರಲಿಲ್ಲ. ಕಿಟಕಿಯ ಮೇಲಿನ ಸಜ್ಜಾ ಅಡ್ಡ ಸಿಕ್ಕಿದ್ದರಿಂದ ಕೈ, ಪಕ್ಕೆಲುಬು ಮುರಿದು ಪ್ರಾಣ ಉಳಿಯಿತು.

ಆಸ್ಪತ್ರೆಯಿಂದ ಮನೆಗೆ ಬಂದ ಮೇಲೂ ನಾನು ಮಾತ್ರೆ ಮುಟ್ಟಲು ಒಪ್ಪಲಿಲ್ಲ. ಅತ್ತೆ ಅಂತೂ ಮತ್ತಷ್ಟು ಹುರುಪಿನಲ್ಲಿದ್ದರು. "ಇವನಿಗೆ ಮನಸ್ಸು ಗಟ್ಟಿ ಇಲ್ಲ. ನಾನು ಭದ್ರಾವತಿಗೆ ಕರ್ಕೊಂಡು ಹೋಗ್ತೀನಿ, ನನ್ನ ಹಂಗೇ ಮಾಡಿ ಕಳಿಸ್ತೀನಿ" ಎಂದು ನನ್ನ ಬಟ್ಟೆ ಮಡಚತೊಡಗಿದರು. ಅಪ್ಪ ಫ್ಯಾನು ನೋಡಿದರು. ಅಮ್ಮ ನೆಲ ನೋಡಿದರು. ಬಾಗಿಲ ಬಳಿ ನಿಂತಿದ್ದ ಮಾವ ಮಾತ್ರ ನನ್ನ ಕೈಯ ಬ್ಯಾಂಡೇಜು ನೋಡುತ್ತಿದ್ದರು.

"ನೀನು ಮಾತ್ರೆ ತಗೊಳ್ತಾ ಇದೀಯ ಕಣೇ" ಎಂದರು. "ಕಾಫೀಲಿ. ನಾನೇ ಹಾಕ್ತಿದೀನಿ."

"ಯಾವಾಗಿಂದ?" ಎಂದು ಅತ್ತೆ ಕೇಳಿದರು.

"ಕಾಫಿ ಮಾಡೋಕೆ ಶುರು ಮಾಡ್ದಾಗಿಂದ."

ಅತ್ತೆ ಕೈಯಲ್ಲಿದ್ದ ನನ್ನ ಅಂಗಿಯನ್ನು ಪೂರ್ತಿ ಮಡಚಿ, ಸುಕ್ಕು ತೀಡಿ, ಹಾಸಿಗೆಯ ಮೇಲಿಟ್ಟರು. ಆಮೇಲೆ ಒಬ್ಬೊಬ್ಬರ ಮುಖವನ್ನೇ ನೋಡುತ್ತ ಬಂದರು. ಎಲ್ಲರಿಗೂ ಗೊತ್ತಿತ್ತು ಎಂಬುದು ಅವರಿಗೆ ತಿಳಿದದ್ದು ಆಗ. "ಹಂಗಾದ್ರೆ ನಾನು ಗೆದ್ದೇ ಇಲ್ಲ" ಎಂದರು. ಅಂದು ಸಂಜೆ ನಾನು ಮಾತ್ರೆ ನುಂಗಿದೆ. ಅವರು ಆಗಲೇ ಒಬ್ಬರೇ ಬಸ್ಸು ಹತ್ತಿ ಹೋಗಿದ್ದರು.

ಅಲ್ಲಿಂದಾಚೆಗೆ ಅವರು ಮಾವ ಕೊಟ್ಟದ್ದನ್ನು ಮುಟ್ಟಲಿಲ್ಲ. ಸ್ವಲ್ಪ ದಿನ ತಾವೇ ಬೇಯಿಸಿಕೊಂಡರು. ಆಮೇಲೆ, "ಉಪ್ಪಿನ ಡಬ್ಬೀಲಿ ಏನಿದೆಯೋ ಯಾರು ಕಂಡಿದಾರೆ?" ಎಂದು ಅದನ್ನೂ ಬಿಟ್ಟರು. ಬಾಳೆಹಣ್ಣು, ಕಿತ್ತಳೆ, ಸಿಪ್ಪೆ ಸಮೇತ ಬೇಯಿಸಿದ ಗೆಣಸು, ಕಡಲೆಕಾಯಿ. ತಮ್ಮ ಕೈಯಲ್ಲೇ ಸುಲಿದದ್ದಷ್ಟೇ ಊಟ. ನೀರಿಗೆ ಬೀದಿ ನಲ್ಲಿ. ಅನುಮಾನ ಎಲ್ಲಿಗೆ ಮುಗಿದು ಕಾಯಿಲೆ ಎಲ್ಲಿಂದ ಶುರುವಾಯಿತೋ ಯಾರಿಗೂ ಗೊತ್ತಾಗಲಿಲ್ಲ. ಅದೆಲ್ಲ ನಿನ್ನ ಭ್ರಮೆ ಎಂದು ಸಮಾಧಾನ ಹೇಳುವ ಬಾಯಿ ನಮ್ಮಲ್ಲಿ ಯಾರಿಗೂ ಉಳಿದಿರಲಿಲ್ಲ. ಡಾಕ್ಟರ ಬಳಿಗೆ ಕರೆದರೆ, "ಯಾವ ಪರೀಕ್ಷೆಗೆ? ಸಕ್ಕರೆಗಾ?" ಎಂದು ಕೇಳುತ್ತಿದ್ದರು.

ಮೊದಲು ಏರಿದರು, ಆಮೇಲೆ ಇಳಿದರು. ನಾನು ನೋಡಲು ಹೋದಾಗ ಗೋಡೆಯ ಕಡೆ ತಿರುಗಿ ಮಲಗಿದ್ದರು. ತಲೆದಿಂಬಿನ ಪಕ್ಕ ಕಿತ್ತಳೆಗಳು ಸುಲಿಯದೆ ಬಾಡಿದ್ದವು.

"ಮಾತ್ರೆ ತಗೊಳ್ತಿದೀಯೇನೋ?"

"ಹೂಂ ಅತ್ತೆ."

"ಯಾರು ಕೊಡ್ತಾರೆ?"

"ನಾನೇ ತಗೊಳ್ತೀನಿ."

ಅವರಿಗೆ ನಿದ್ದೆ ಬಂತೇನೋ ಎಂದುಕೊಂಡು ಏಳುತ್ತಿದ್ದೆ. "ನಾನು ಮಾತ್ರೆ ಬೇಡ ಅಂದಿದ್ದು ನಿಜ ಕಣೋ" ಎಂದರು. "ನನ್ನನ್ನ ಇನ್ನೊಂದ್ಸಲ ಕೇಳ್ಬಹುದಿತ್ತು..."

ಆ ಚಳಿಗಾಲದಲ್ಲಿ ಜ್ವರ ಬಂತು. ಮೈಯಲ್ಲಿ ಅದನ್ನು ತಡೆಯುವಷ್ಟು ಏನೂ ಇರಲಿಲ್ಲ. ಆಸ್ಪತ್ರೆಯಲ್ಲಿ ಡ್ರಿಪ್ಪಿನ ಸೂಜಿಯನ್ನು ಕಿತ್ತುಕೊಳ್ಳುತ್ತಿದ್ದರು. ಅದರಲ್ಲೇನಿದೆ ಎಂದು ಮಾವ ಹೇಳಿದ್ದು ಅವರಿಗೆ ಕೇಳಿಸಲಿಲ್ಲ, ಅಥವಾ ಕೇಳಿಸಿತೋ ಏನೋ... ಬೆಳಗಾಗುವಷ್ಟರಲ್ಲಿ ಹೋದರು.

ನನಗೀಗ ಅವರ ಆಗಿನ ವಯಸ್ಸು ದಾಟಿದೆ. ಮದುವೆಗೆ ಮುಂಚೆಯೇ ಹೆಂಡತಿಗೆ ಎಲ್ಲ ಹೇಳಿದ್ದೆ, ಹೇಳುತ್ತ ಬೆವತಿದ್ದೆ. ಮಾತ್ರೆಯನ್ನು ಊಟದ ಮೇಜಿನಲ್ಲಿ ಎಲ್ಲರೆದುರೇ ನುಂಗುತ್ತೇನೆ. "ಆಯ್ತಾ ನೈವೇದ್ಯ?" ಎಂದು ಅವಳು ತಮಾಷೆ ಮಾಡುತ್ತಾಳೆ. ರಕ್ತಪರೀಕ್ಷೆಯ ಹಿಂದಿನ ದಿನ ಕಿಡ್ನಿ, ಥೈರಾಯ್ಡು ಎಂದು ಒಂದೊಂದೇ ಅಂಗಕ್ಕೆ ಶ್ರದ್ಧಾಂಜಲಿ ಸಲ್ಲಿಸುತ್ತೇನೆ. ವರದಿ ಸರಿಯಿದ್ದರೆ, ಲ್ಯಾಬಿನವರು ಬೇರೆ ಯಾರದೋ ಕೊಟ್ಟರೇನೋ ಎಂದು ಚಿಂತೆ. ಮಗಳು ಪರೀಕ್ಷೆಗೆ ಓದುತ್ತ ಒಂದು ರಾತ್ರಿ ನಿದ್ದೆಗೆಟ್ಟರೆ ಸಾಕು, ಬೆಳಿಗ್ಗೆ ಅವಳ ಕಣ್ಣು, ಮಾತಿನ ವೇಗ ಎಲ್ಲ ಅಳೆಯುತ್ತೇನೆ. "ಅಪ್ಪಾ, ನಾನು ಸರಿ ಇದೀನಿ. ನೀನು ಮಲಗು" ಎನ್ನುತ್ತಾಳೆ.

ಮಾವ ಇದ್ದಾರೆ, ಹಳೇನಗರದಲ್ಲಿ ಮಗನ ಮನೆಯಲ್ಲಿ. ಮೊನ್ನೆ ಹೋದದ್ದು ಅವರನ್ನು ನೋಡಲೆಂದೇ. ಮರೆವು ಹತ್ತಿದೆ, ಕಾರ್ಖಾನೆ ಮುಚ್ಚಿದ್ದು, ತಾವು ನಿವೃತ್ತರಾದದ್ದು ಒಮ್ಮೊಮ್ಮೆ ನೆನಪಿರುವುದಿಲ್ಲ. ಆದರೆ ನನ್ನ ಕಂಡ ಕೂಡಲೇ ಒಂದು ಪ್ರಶ್ನೆ ಮಾತ್ರ ನೆನಪಾಗುತ್ತದೆ.

"ಅವತ್ತು ನಾನು ಬಾಯಿ ಮುಚ್ಕೊಂಡಿದ್ರೆ ಅವಳು ಇನ್ನೂ ಒಂದಷ್ಟು ವರ್ಷ ಇರ್ತಿದ್ಲು, ಅಲ್ವೇನೋ?"

ಇಷ್ಟು ವರ್ಷ ಮಾತು ಮರೆಸುತ್ತಿದ್ದೆ. ಮೊನ್ನೆ ಯಾಕೋ ಮರೆಸಲಾಗಲಿಲ್ಲ.

"ಇರ್ತಿದ್ರು ಮಾವ."

"ನೀನು?"

"ನಾನು ಇರ್ತಿರ್ಲಿಲ್ಲ."

ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. ನರೆತ ತಲೆ, ಬೆಳೆದ ಹೊಟ್ಟೆ, ಮುಂಗಾರು ಮುಗಿದು ತಿಂಗಳಾದರೂ ಕೈಯಲ್ಲಿ ಹಿಡಿದ ಛತ್ರಿ. ಅತ್ತೆಗೆ ಬದಲಾಗಿ ಉಳಿದದ್ದು ಇದು. ಸಾಲುತ್ತದೋ ಇಲ್ಲವೋ ಎಂದು ಅವರ ಮುಖದಲ್ಲಿ ಹುಡುಕಿದೆ. ಅವರು ನನ್ನ ಮೊಣಕಾಲಿನ ಮೇಲೆ ಕೈಯಿಟ್ಟರು.