ಹೊಳೆಯ ಪರಿಚಯಸ್ಥರು

ಕುರುಂದವಾಡದ ಹೊಳೆಯ ಘಾಟಿನಲ್ಲಿ ಅರ್ಧ ಊರಿಗೆ ಈಜು ಕಲಿಸಿದ ಮಾಸ್ತರರು ಅವರು. ಎಪ್ಪತ್ತು ದಾಟಿ ಬಿಪಿ ಗುಳಿಗೆ ಶುರುವಾದ ಮೇಲೆ ಅವರಿಗೆ ನಿಂತಲ್ಲೇ ತಲೆ ತಿರುಗುತ್ತಿತ್ತು. ಒಬ್ಬರೇ ನೀರಿಗಿಳಿಯಬೇಡಿ ಎಂದರೆ, "ಹೊಳಿಗಿ ನನ್ನ ಗುರ್ತ ಐತ್ರಿ" ಎಂದು ನೊಣ ಓಡಿಸಿದಂತೆ ಕೈ ಬೀಸುತ್ತಿದ್ದರು. ಹೀಗಾಗಿ ದಿನಾ ಮುಂಜಾನೆ ನಾನೇ ಮೆಟ್ಟಿಲ ಮೇಲೆ ಕಾವಲು ಕೂರುತ್ತಿದ್ದೆ. ಈಜು ಬಾರದ, ಬಕೆಟ್ ನೀರಿಗೂ ಅಂಜುವ ನನಗಿಂತ ಯೋಗ್ಯ ಕಾವಲುಗಾರ ಎಲ್ಲಿ ಸಿಗಬೇಕು?

ಒಂದು ದಿನ ಹೊಳೆಗೆ ಅವರ ಗುರುತು ಹತ್ತಲಿಲ್ಲ. ಪಾಚಿಗಟ್ಟಿದ ಮೆಟ್ಟಿಲಲ್ಲಿ ಕಾಲು ಜಾರಿ, ಎದೆಮಟ್ಟದ ನೀರಿನಲ್ಲೇ ಮುಳುಗಿದರು. ನಾನು ಧೈರ್ಯದಿಂದ ಕಿರುಚಿದೆ. ಬಟ್ಟೆ ತೊಳೆಯುತ್ತಿದ್ದ ಹೆಂಗಸೊಬ್ಬಳು ಒದ್ದೆ ಸೀರೆಯ ತುದಿ ಎಸೆದು ಅವರನ್ನು ಎಳೆದುಕೊಂಡಳು.

"ತುದಿಗಿ ಗಂಟ ಹಾಕಿ ಬೀಸಬೇಕವಾ ತಂಗಿ, ಕೈ ಜಾರತೈತಿ," ಎಂದು ಕೆಮ್ಮುತ್ತಲೇ ಪಾಠ ಮಾಡಿದರು.

"ಹೌದ್ರಿ ಮಾಸ್ತರ. ಈಗರೆ ಸೀರಿ ಬಿಡ್ರಿ!"

ಅವರ ಬೆರಳು ಬಿಡಲಿಲ್ಲ.

ಮರುದಿನ ಬೆನ್ನಿಗೆ ಕಟ್ಟಿಕೊಂಡು ತೇಲುವ ಖಾಲಿ ಎಣ್ಣೆ ಡಬ್ಬಿ ತಂದರು. ಬುದ್ಧಿ ಬಂತೆಂದು ನಾನು ಹಿಗ್ಗುವಷ್ಟರಲ್ಲಿ ಅದನ್ನು ನನ್ನ ಬೆನ್ನಿಗೆ ಬಿಗಿದರು.

"ಇಳೀರಿ. ನೀವು ಕಲಿಯೂತನಕಾ ನಾ ನೀರಿಗಿ ಇಳಿಯಂಗಿಲ್ಲ."

ಆಮೇಲೆ ಬದುಕಿದ್ದ ನಾಲ್ಕು ವರ್ಷವೂ ಅವರು ದಡದಲ್ಲೇ ಕೂತು ನನ್ನ ದಡ್ಡತನಕ್ಕೆ ಬೈದರು. ನಾನು ಭಾರೀ ಕಷ್ಟಪಟ್ಟು, ಈಜು ಕಲಿಯದೆ ಉಳಿದೆ.