ಹಸುವಿನ ಪಾಲಿನ ಗೆಣಸು

ಭದ್ರಾವತಿಯ ಜನ್ನಾಪುರದಲ್ಲಿ ಪುಟ್ಟಲಕ್ಷ್ಮಿಯ ಬಾಯಿಗೆ ಹೆದರದವರಿಲ್ಲ. ಕೃಷಿ ಕಾಲೇಜಿನವರು ಕೊಟ್ಟ ಬಳ್ಳಿಯನ್ನು ಹಿತ್ತಿಲಲ್ಲಿ ನೆಟ್ಟು, ಒಳಗೆಲ್ಲ ಸಿಹಿಗುಂಬಳದ ಬಣ್ಣವಿರುವ ಗೆಣಸು ಕಿತ್ತಾಗ ಬೀದಿಯವರು ನಕ್ಕರು. ಬಣ್ಣ ಕುಡಿಸಿ ಬೆಳೆಸಿದ್ದೀಯಾ ಮಾರಾಯ್ತಿ ಎಂದರು. ನಕ್ಕವರ ಬಾಯಿಗೇ ಬೇಯಿಸಿ ತುರುಕಿದಳು. ಆ ಬಣ್ಣದಲ್ಲೇ ಎ ವಿಟಮಿನ್ ಇರುವುದು, ಬಾಣಂತಿ ತಿಂದರೆ ಅವಳ ಕಣ್ಣಿಗೂ ಒಳ್ಳೆಯದು, ಎದೆಹಾಲು ಕುಡಿಯುವ ಕೂಸಿಗೂ ಒಳ್ಳೆಯದು ಎಂದು ಕಾಲೇಜಿನವರು ಹೇಳಿದ್ದನ್ನು ಅವಳು ಗಟ್ಟಿಯಾಗಿ ಹಿಡಿದುಕೊಂಡಿದ್ದಳು.

ಅದಕ್ಕೆ ಕಾರಣವಿತ್ತು. ಮಗಳು ಗಗನಾ ತವರಿನಲ್ಲಿ ಬಾಣಂತನ ಮುಗಿಸಿ, ಕೂಸಿನೊಂದಿಗೆ ಶಿವಮೊಗ್ಗದ ವಿನೋಬನಗರಕ್ಕೆ ಗಂಡನ ಮನೆಗೆ ಹೋದ ಮೇಲೆ ಸಂಜೆಯಾದರೆ ಹೊಸ್ತಿಲು ಎಡವತೊಡಗಿದ್ದಳು. ದೃಷ್ಟಿಯಾಗಿದೆ ಎಂದು ಅತ್ತೆ ದೇವೀರಮ್ಮ ಮೆಣಸಿನಕಾಯಿ ನಿವಾಳಿಸಿ ಸುಟ್ಟಳು. ಡಾಕ್ಟರು ಮಾತ್ರ ಇದು ಇರುಳುಗುರುಡು ಎಂದು ಔಷಧಿ ಕೊಟ್ಟು, ಮೊದಲು ಊಟ ಸರಿಮಾಡಿ ಎಂದು ಗದರಿದರು. ಯಾವ ಊಟ? ಕೂಸು ಹಾಲು ಬಿಡುವವರೆಗೂ ಆ ಮನೆಯಲ್ಲಿ ಪಥ್ಯ. ಅನ್ನ, ಮೆಣಸಿನ ಸಾರು, ಸುಟ್ಟ ಬೆಳ್ಳುಳ್ಳಿ. ಸೊಪ್ಪು ಶೀತ, ಪರಂಗಿ ಉಷ್ಣ, ಗೆಣಸು ವಾಯು. ತಿನ್ನುವಂಥದ್ದಕ್ಕೆಲ್ಲ ಒಂದೊಂದು ದೋಷ.

ಪುಟ್ಟಲಕ್ಷ್ಮಿ ಅಳಿಯ ದುಶ್ಯಂತನ ಕೈಯಲ್ಲಿ ಚೀಲಗಟ್ಟಲೆ ಗೆಣಸು ಕಳಿಸಿದಳು. ಮಗಳ ಕಣ್ಣು ಸುಧಾರಿಸಿತೋ ಇಲ್ಲವೋ ನೋಡೋಣವೆಂದು ಒಂದು ಮಧ್ಯಾಹ್ನ ತಾನೇ ಬಸ್ಸು ಹತ್ತಿದಳು. ಬೀಗರ ಮನೆಯ ಪಕ್ಕದ ಖಾಲಿ ಸೈಟಿನಲ್ಲಿ ಹೊಸದಾಗಿ ಕರು ಹಾಕಿದ ಹಸುವನ್ನು ಕಟ್ಟಿದ್ದರು. ಅಲ್ಲೇ ಮೂರು ಕಲ್ಲಿನ ಒಲೆಯ ಮೇಲೆ ಅವಳದೇ ಗೆಣಸು ಬೇಯುತ್ತಿತ್ತು. ಪಕ್ಕದಲ್ಲಿ ಬೂಸಾ ಇತ್ತು, ಇನ್ನೂ ಬೆರೆಸಿರಲಿಲ್ಲ.

“ಏನ್ ಬೀಗಿತಿ ಇದು?”

“ಕರು ಹಾಕಿದ ಹಸು ಅಲ್ವಾ, ಇಂಥದ್ದೆಲ್ಲ ಹಾಕಿದ್ರೆ ಹಾಲು ಚೆನ್ನಾಗಿ ಇಳಿಯುತ್ತೆ” ಎಂದಳು ದೇವೀರಮ್ಮ, ಹೆಮ್ಮೆಯಿಂದಲೇ.

ಪುಟ್ಟಲಕ್ಷ್ಮಿಗೆ ಮೈಯೆಲ್ಲ ಉರಿದುಹೋಯಿತು. ಹಾಲು ಕರೆಯುವ ಹಸುವಿಗೆ ಏನು ಬೇಕೆಂದು ಗೊತ್ತಿದೆ, ಹಾಲೂಡುವ ಸೊಸೆಗೆ ಏನು ಬೇಕೆಂದು ಗೊತ್ತಿಲ್ಲ. ಎಂಥ ಜನವಪ್ಪಾ ಇವರು. ಒಳಗೆ ನುಗ್ಗಿ, ಗಗನಾಳ ಮುಂದಿದ್ದ ಅನ್ನ ಸಾರಿನ ತಟ್ಟೆಯನ್ನು ಎತ್ತಿ ತಂದು ಹಸುವಿನ ಮುಂದಿಟ್ಟಳು. ಹಸು ಮೂಸಿ, ಸೀನಿ, ಮುಖ ತಿರುಗಿಸಿತು.

“ನೋಡ್ರೀ, ಹಸುನೂ ಮುಟ್ಟಲ್ಲ. ನನ್ನ ಮಗಳು ಎರಡು ಹೊತ್ತೂ ಇದನ್ನೇ ತಿಂತಾಳೆ.”

“ಕೂಸಿಗೆ ವಾಯು ಆದ್ರೆ ಯಾರು ನೋಡ್ಕೊಳ್ಳೋದು?”

“ನಾನೇ ಬಂದು ಎತ್ಕೊಂಡು ಕೂರ್ತೀನಿ. ಅವಳ ಕಣ್ಣು ಹೋದ್ರೆ ನೀವು ತಂದ್ಕೊಡ್ತೀರಾ?”

ಪುಟ್ಟಲಕ್ಷ್ಮಿ ಗೆಣಸು ಬಸಿದು, ಸಿಪ್ಪೆ ಸುಲಿದು, ಬಿಸಿಬಿಸಿಯಾಗಿರುವಾಗಲೇ ತುಪ್ಪ ಹಾಕಿ ಮಗಳ ಕೈಗೆ ಕೊಟ್ಟು ಬಾಗಿಲಲ್ಲೇ ಕುಳಿತಳು. ಗಗನಾ ಒಮ್ಮೆ ಅತ್ತೆಯ ಮುಖ ನೋಡಿದಳು. ಆಮೇಲೆ ನೋಡದೆ ತಿಂದಳು, ಪೂರ್ತಿ ತಿಂದಳು.

ಆ ಸಂಜೆ ಹಸು ಬರೀ ಬೂಸಾ ತಿಂದು ಎಂದಿನಷ್ಟೇ ಹಾಲು ಕೊಟ್ಟಿತು.